ಚಳಿಗಾಲದಲ್ಲಿ ಮನೆಯೊಳಗೆ ಜಿರಳೆ ಸೇರದಂತೆ ತಡೆಯುವುದು ಹೇಗೆ?

ಜಿರಳೆಯು ತನ್ನ ಮೈಯ ಶಾಖವನ್ನು ತಾನೇ ಕಾಯ್ದುಕೊಳ್ಳಲಾರದ ಕೀಟವಾದ್ದರಿಂದ, ಚಿಕ್ಕಬಳ್ಳಾಪುರದಲ್ಲಿ ಡಿಸೆಂಬರ್, ಜನವರಿಯ ಚಳಿ ಹೆಚ್ಚಿದಾಗ ಮನೆಯ ಬೆಚ್ಚಗಿನ ಮೂಲೆಗಳನ್ನು ಹುಡುಕಿಕೊಂಡು ಸೇರುತ್ತದೆ. ಫ್ರಿಜ್ಜಿನ ಹಿಂಬದಿಯಲ್ಲಿ, ಕಂಪ್ರೆಸರ್ ಸುತ್ತ ಕಾಳುಮೆಣಸಿನ ಪುಡಿಯಂಥ ಹಿಕ್ಕೆ ಕಂಡರೆ ಅವುಗಳ ಬೀಡು ಅಲ್ಲಿಯೇ ಇದೆ ಎಂದು ತಿಳಿಯಬಹುದು.

ಮೊದಲು ದಾರಿ ಮುಚ್ಚಬೇಕು: ಬಚ್ಚಲಿನ ನೀರು ಹೋಗುವ ತೂತಿಗೆ ಸಣ್ಣ ಕಣ್ಣಿನ ಜಾಲರಿ, ಸಿಂಕಿನ ಪೈಪು ಗೋಡೆಯನ್ನು ಹಾಯುವಲ್ಲಿ ಬಿಳಿ ಸಿಮೆಂಟು. ಅವರೆಕಾಯಿಯ ಈ ಕಾಲದಲ್ಲಿ ನಮ್ಮ ಕಡೆ ಹಿತಕಿದ ಬೇಳೆ ಮಾಡಿದ ಮೇಲೆ ಒದ್ದೆ ಸಿಪ್ಪೆ ರಾತ್ರಿಯಿಡೀ ಬುಟ್ಟಿಯಲ್ಲೇ ಉಳಿಯುವುದುಂಟು. ಜಿರಳೆಗೆ ಆಹಾರವನ್ನೂ ತೇವವನ್ನೂ ಒಟ್ಟಿಗೆ ಒದಗಿಸುವ ಅದನ್ನು ಮಲಗುವ ಮುನ್ನವೇ ಹೊರಹಾಕುವುದು ಯಾವ ಔಷಧಿಗಿಂತಲೂ ಮುಖ್ಯವೆಂಬುದು ನನ್ನ ಅಭಿಪ್ರಾಯ.

ಸ್ಪ್ರೇ ಕಣ್ಣಿಗೆ ಬಿದ್ದವನ್ನು ಕೊಲ್ಲುತ್ತದೆಯೇ ಹೊರತು, ಅಡುಗೆಮನೆಯ ಸಣ್ಣ ಕಂದು ಜಿರಳೆಯ ಒಂದೊಂದು ಮೊಟ್ಟೆಚೀಲದಲ್ಲಿರುವ 30ರಿಂದ 40 ಮೊಟ್ಟೆಗಳನ್ನು ಸಾಮಾನ್ಯವಾಗಿ ನಾಶಮಾಡುವುದಿಲ್ಲ. ಆದ್ದರಿಂದ ಜಿರಳೆ ಜೆಲ್ಲನ್ನು ಮಕ್ಕಳ ಕೈಗೆಟುಕದ ಸಂದಿಗಳಲ್ಲಿ, ಅಂದರೆ ಕಪಾಟಿನ ಕೀಲು, ಫ್ರಿಜ್ಜಿನ ಅಡಿಭಾಗಗಳಲ್ಲಿ, ಸಣ್ಣ ಚುಕ್ಕೆಗಳಾಗಿ ಇಟ್ಟು, ಹೊಸ ಮರಿಗಳು ಹೊರಬರುವ ತಿಂಗಳೊಳಗೆ ಮತ್ತೊಮ್ಮೆ ಇಡಬೇಕು. ಜೆಲ್ ಇಟ್ಟ ಜಾಗದ ಹತ್ತಿರ ಸ್ಪ್ರೇ ಹೊಡೆಯಬಾರದು. ಹೊಡೆದರೆ ಜಿರಳೆಗಳು ಅದನ್ನು ತಿನ್ನದೆ ದೂರ ಸರಿಯುತ್ತವೆ.