ಮಕ್ಕಳೊಂದಿಗೆ ಜಿರೋ ಕಣಿವೆಗೆ

ಪ್ರಶ್ನೆ: ಏಳು ಮತ್ತು ಹನ್ನೊಂದು ವರ್ಷದ ಮಕ್ಕಳೊಂದಿಗೆ ಅರುಣಾಚಲ ಪ್ರದೇಶದ ಜಿರೋ ಕಣಿವೆಗೆ ಹೋಗಿ, ಅಪತಾನಿ ಬುಡಕಟ್ಟಿನವರ ಬದುಕನ್ನು ನೋಡುವ ಆಸೆಯಿದೆ. ಇದು ಸೂಕ್ತವೇ?

ಉತ್ತರ: ಖಂಡಿತ ಸೂಕ್ತ. ಕಣಿವೆ ಸುಮಾರು 1,500 ಮೀಟರ್ ಎತ್ತರದಲ್ಲಿರುವುದರಿಂದ ಉಸಿರಾಟದ ತೊಂದರೆಯ ಭಯವಿಲ್ಲ. ಹೊರರಾಜ್ಯದವರು ಅರುಣಾಚಲ ಪ್ರವೇಶಿಸಲು ಬೇಕಾದ ಅನುಮತಿ ಪತ್ರವಾದ ಇನ್ನರ್ ಲೈನ್ ಪರ್ಮಿಟ್ ಮೊದಲೇ ಮಾಡಿಸಿಕೊಳ್ಳಿ. ಗುವಾಹಟಿಯಿಂದ ಅರುಣಾಚಲದ ರಾಜಧಾನಿ ಇಟಾನಗರದ ಬಳಿಯ ನಾಹರ್ಲಗುನ್‌ವರೆಗೆ ರೈಲಿದೆ. ಅಲ್ಲಿಂದ ಮುಂದಿನದು ಸುಮಾರು 100 ಕಿ.ಮೀ. ತಿರುವುಗಳ ಬೆಟ್ಟದ ದಾರಿಯಾದ್ದರಿಂದ ಮಕ್ಕಳಿಗೆ ವಾಂತಿಯ ಮಾತ್ರೆ ಜೊತೆಗಿರಲಿ. ಜುಲೈ 5ರಂದು ಅಪತಾನಿಗಳು ಆಚರಿಸುವ ಬೇಸಾಯದ ಹಬ್ಬ ದ್ರೀ ಸೊಗಸಾದರೂ ಅದು ಮಳೆಗಾಲ, ಗುಡ್ಡ ಕುಸಿಯುವ ಕಾಲ. ಮಕ್ಕಳಿದ್ದರೆ ಅಕ್ಟೋಬರ್ ತಿಂಗಳೇ ಉತ್ತಮ ಎಂಬುದು ನನ್ನ ಅಭಿಪ್ರಾಯ.

ಗದ್ದೆಗಳಿಗೆ ಒಂದು ಇಡೀ ದಿನ ಮೀಸಲಿಡಿ. ಅಪತಾನಿಗಳು ಭತ್ತದ ಗದ್ದೆಯಲ್ಲೇ ಮೀನು ಸಾಕುತ್ತಾರೆ; ನೀರು ಇಳಿದಾಗ ಮೀನುಗಳು ಗದ್ದೆಯ ನಡುವೆ ತೋಡಿದ ಕಾಲುವೆಗೆ ಸರಿದುಕೊಳ್ಳುತ್ತವೆ, ಬದುವಿನ ಮೇಲೆ ಬೆಳೆಯುವುದು ನಮಗೆ ಚಿರಪರಿಚಿತವಾದ ರಾಗಿ. ಉಳುವುದಕ್ಕೆ ಎತ್ತುಗಳನ್ನು ಬಳಸದೆ, ಕೈಯಿಂದಲೇ ನಡೆಯುವ ಈ ಬೇಸಾಯವನ್ನು ಮಕ್ಕಳು ಕಣ್ಣಾರೆ ಕಾಣಬೇಕು.

ಮುಖಕ್ಕೆ ಹಚ್ಚೆ, ಮೂಗಿಗೆ ಬಿರಡೆ ಹಾಕಿಕೊಂಡ ಅಜ್ಜಿಯರು ಎದುರಾದರೆ ಒಪ್ಪಿಗೆಯಿಲ್ಲದೆ ಫೋಟೊ ತೆಗೆಯಬೇಡಿ. ಅವರು ಪ್ರದರ್ಶನದ ವಸ್ತುಗಳಲ್ಲ. ಹೋಟೆಲಿಗಿಂತ ಹೋಂಸ್ಟೇಯಲ್ಲೇ ಉಳಿದುಕೊಳ್ಳಿ. ಒಲೆಯ ಸುತ್ತ ಮನೆಯವರೊಡನೆ ಕುಳಿತು ಉಣ್ಣುವ ಅವಕಾಶ ಅಲ್ಲಿ ಸಿಗುತ್ತದೆ. ಸಸ್ಯಾಹಾರಿಗಳಾಗಿದ್ದರೆ ಮುಂಚಿತವಾಗಿಯೇ ತಿಳಿಸಿ.