ಕಾಣಿಕೆ ಕೊಡಲಾಗದವರ ಸೇವೆ

ಪ್ರಶ್ನೆ: ಕೆಲಸ ಕಳೆದುಕೊಂಡ ಮೇಲೆ ಸಭೆಗೆ (ಚರ್ಚಿಗೆ) ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು, ಕೊಡಲು ನನ್ನಿಂದ ಆಗುತ್ತಿಲ್ಲ. ಅದರ ಬದಲು ಭಾನುವಾರದ ಆರಾಧನೆಗೆ ಕುರ್ಚಿಗಳನ್ನು ಜೋಡಿಸುತ್ತೇನೆ, ಹಾಸಿಗೆ ಹಿಡಿದ ಸದಸ್ಯರನ್ನು ಕಂಡು ಬರುತ್ತೇನೆ. ದೇವರು ಇದನ್ನು ಕಾಣಿಕೆಯೆಂದು ಸ್ವೀಕರಿಸುವನೇ?

ಉತ್ತರ: ಪ್ರಿಯ ಸಹೋದರಿಯವರೇ, ನಿಮ್ಮ ಸಂಕೋಚ ನನ್ನ ಮನಸ್ಸನ್ನು ಕಲಕಿತು. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುತ್ತಿದ್ದ ಅಪೊಸ್ತಲನಾದ ಪೌಲನು, ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ, ಬೈಬಲಿನಲ್ಲಿರುವ ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ, ಕೊಡುವ ಮನಸ್ಸಿದ್ದರೆ ಒಬ್ಬನಲ್ಲಿ ಇರುವುದಕ್ಕೆ ತಕ್ಕಂತೆಯೇ ಅದು ಸ್ವೀಕೃತವಾಗುತ್ತದೆ, ಇಲ್ಲದಿರುವುದಕ್ಕೆ ತಕ್ಕಂತೆ ಅಲ್ಲ ಎಂದು ತಿಳಿಸುತ್ತಾನೆ. ಬೇರೆಯವರಿಗೆ ನೆಮ್ಮದಿಯಾಗಲೆಂದು ಕೊಡುವವರು ಸಂಕಟಕ್ಕೆ ಬೀಳಬೇಕೆಂಬುದು ತನ್ನ ಉದ್ದೇಶವಲ್ಲವೆಂದೂ ಅಲ್ಲಿಯೇ ಸೇರಿಸುತ್ತಾನೆ. ಆದಿ ಸಭೆಯಲ್ಲಿ ಕೆಲವು ವಿಧವೆಯರು ದಿನನಿತ್ಯದ ಆಹಾರದ ಹಂಚಿಕೆಯಲ್ಲಿ ಕಡೆಗಣಿಸಲ್ಪಟ್ಟಾಗ, ಆ ಸೇವೆಗಾಗಿ ಆರಿಸಲ್ಪಟ್ಟ 7 ಮಂದಿಯ ಮೇಲೆ ಅಪೊಸ್ತಲರು (ಯೇಸು ಆರಿಸಿಕೊಂಡ ಮುಖ್ಯ ಶಿಷ್ಯರು) ಪ್ರಾರ್ಥಿಸಿ, ಆ ಸೇವೆಗೆ ನೇಮಿಸುವ ಗುರುತಾಗಿ ಕೈಯಿಟ್ಟರು. ಉಣಬಡಿಸುವ ಕೆಲಸಕ್ಕೂ ಅಷ್ಟು ಗೌರವವಿತ್ತೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಆದುದರಿಂದ ನಿಮ್ಮ ಸೇವೆಯನ್ನು ಬಾಕಿ ಸಾಲದ ತೀರುವಳಿಯೆಂದು ಭಾವಿಸದಿರಿ. ಇನ್ನೊಂದು ಮಾತು: ನಿಮ್ಮ ಮನೆಯ ಕೊರತೆಯನ್ನು ಸಭಾಪಾಲಕರಿಗೆ ತಿಳಿಸಿರಿ, ಸಭೆಯ ಸಹಾಯ ನಿಧಿ ನಿಮ್ಮಂಥವರಿಗಾಗಿಯೂ ಇದೆ.