ಓದುಗರ ಪ್ರಶ್ನೆ: ಎದೆಯ ಮೇಲಿನ ಕೆಂಪು ಅಕ್ಷರ

ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಬಂದ ಐದು ಪತ್ರಗಳು ಒಂದೇ ಪಠ್ಯದ ಬಗ್ಗೆ. ಅದು ಅಮೆರಿಕದ ನಥಾನಿಯೆಲ್ ಹಾಥಾರ್ನ್ ಅವರ ಕಾದಂಬರಿ ‘ದಿ ಸ್ಕಾರ್ಲೆಟ್ ಲೆಟರ್’ (1850). ಓದದವರಿಗೆ ಇಷ್ಟು ಸಾಕು: 17ನೇ ಶತಮಾನದ ಬಾಸ್ಟನ್. ಗಂಡ ಜೊತೆಗಿಲ್ಲದ ಕಾಲದಲ್ಲಿ ಮಗು ಹೆತ್ತಳೆಂದು ಹೆಸ್ಟರ್ ಪ್ರಿನ್‌ಗೆ ಎದೆಯ ಮೇಲೆ ಕೆಂಪು ‘ಎ’ ಅಕ್ಷರ (ಇಂಗ್ಲಿಷಿನ A; ‘ಅಡಲ್ಟರಿ’, ಅಂದರೆ ವ್ಯಭಿಚಾರದ ಗುರುತು) ತೊಡುವ ಶಿಕ್ಷೆ. ಮಗು ಪರ್ಲ್‌ಳ ತಂದೆ ಊರೇ ಕೈಮುಗಿಯುವ ಪಾದ್ರಿ ಡಿಮ್ಸ್‌ಡೇಲ್, ಆದರೆ ಅದು ಊರಿಗೆ ಗೊತ್ತಿಲ್ಲ. ತಿರುಗಿ ಬಂದ ಗಂಡ ಚಿಲ್ಲಿಂಗ್‌ವರ್ತ್ ಎಂದು ಹೆಸರು ಬದಲಿಸಿಕೊಂಡು, ವೈದ್ಯನ ವೇಷದಲ್ಲಿ ಪಾದ್ರಿಯ ಬೆನ್ನು ಬೀಳುತ್ತಾನೆ.

‘ಎ’ ಪಾಪದ ಸಂಕೇತ ಎಂದು ಗೈಡಿನಲ್ಲಿತ್ತು. ಹಾಗೇ ಬರೆದೆ. 15ಕ್ಕೆ 6 ಅಂಕ. ಇನ್ನೇನು ಬರೆಯಬೇಕಿತ್ತು?
— ಬಿ.ಎ. ವಿದ್ಯಾರ್ಥಿನಿ, ಸಿಂಧನೂರು

ಗೈಡು ಸುಳ್ಳು ಹೇಳಿಲ್ಲ, 2ನೇ ಅಧ್ಯಾಯಕ್ಕೇ ನಿಂತುಬಿಟ್ಟಿದೆ. ಕಾದಂಬರಿಯಲ್ಲಿ 24 ಅಧ್ಯಾಯಗಳಿವೆ, ಅಕ್ಷರದ ಅರ್ಥ ಅಷ್ಟುದ್ದಕ್ಕೂ ಬದಲಾಗುತ್ತಲೇ ಹೋಗುತ್ತದೆ. ‘ಎ ಎಂದರೆ ಏನು’ ಎಂದು ಕೇಳಬೇಡಿ, ‘ಯಾರ ಕಣ್ಣಿಗೆ ಏನು’ ಎಂದು ಕೇಳಿ.

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ಅಧ್ಯಾಯ, ನೋಡುವವರು, ಅವರಿಗೆ ಕಂಡದ್ದು, ಆ ಹೊತ್ತಿನ ಬೆಳಕು. ದಿನಕ್ಕೆ ಎರಡು ಅಧ್ಯಾಯದಂತೆ 12 ದಿನದಲ್ಲಿ ಮುಗಿಯುತ್ತದೆ. ಅಕ್ಷರ ಕಾಣಿಸಿಕೊಂಡಾಗಲೆಲ್ಲ ಒಂದು ಸಾಲು ತುಂಬಿ. 2ರಲ್ಲಿ ಊರಿನ ಹೆಂಗಸರಿಗೆ ಅದು ನಾಚಿಕೆಗೇಡು, ಆದರೆ ಹೆಸ್ಟರ್ ಅದನ್ನೇ ಚಿನ್ನದ ಎಳೆಯಲ್ಲಿ ಕಸೂತಿ ಹಾಕಿ ತೊಟ್ಟು ಬಂದಿದ್ದಾಳೆ. 12ರಲ್ಲಿ ಉಲ್ಕೆಯೊಂದು ಬಿದ್ದಾಗ ಆಕಾಶದಲ್ಲಿ ‘ಎ’ ಮೂಡುತ್ತದೆ. ಪಾದ್ರಿಗೆ ಅದು ತನ್ನದೇ ಗುಟ್ಟು, ಮರುದಿನ ಚರ್ಚಿನ ಆಳು ಮಾತ್ರ ‘ಏಂಜೆಲ್’, ಅಂದರೆ ದೇವದೂತ, ಎಂದು ಓದುತ್ತಾನೆ, ಆ ರಾತ್ರಿ ಗವರ್ನರ್ ತೀರಿಕೊಂಡಿದ್ದರಲ್ಲ, ಅದಕ್ಕೆ. 13ರ ಹೊತ್ತಿಗೆ ರೋಗಿಗಳ ಸೇವೆ ಮಾಡಿದ ಹೆಸ್ಟರಳನ್ನು ಕಂಡ ಜನ ‘ಏಬಲ್’, ಅಂದರೆ ಸಮರ್ಥೆ, ಎನ್ನತೊಡಗುತ್ತಾರೆ. 15ರಲ್ಲಿ ಪರ್ಲ್ ಕಡಲ ಹುಲ್ಲಿನಿಂದ ತನ್ನ ಎದೆಗೂ ಒಂದು ‘ಎ’ ಅಂಟಿಸಿಕೊಳ್ಳುತ್ತಾಳೆ. ಅದು ಹಸಿರು.

ಬಹುತೇಕರು ಬಿಟ್ಟುಹೋಗುವುದು 7ನೇ ಅಧ್ಯಾಯವನ್ನು. ಗವರ್ನರ್ ಮನೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ಬರಿಸಿದ ಉಕ್ಕಿನ ಎದೆಗವಚವಿದೆ. ಪರ್ಲ್ ತೋರಿಸಿದಾಗ ಹೆಸ್ಟರ್ ಅದರಲ್ಲಿ ನೋಡುತ್ತಾಳೆ. ಕವಚ ಉಬ್ಬಿರುವುದರಿಂದ ಅಕ್ಷರ ದೈತ್ಯಾಕಾರಕ್ಕೆ ಬೆಳೆದಿದೆ, ಹೆಣ್ಣು ಅದರ ಹಿಂದೆ ಪೂರ್ತಿ ಮರೆಯಾಗಿದ್ದಾಳೆ. ಕನ್ನಡಿಯಾಗಿರುವುದು ಅಧಿಕಾರದ ಕವಚ ಎಂಬುದನ್ನು ಗಮನಿಸಿ. ಈ ಒಂದು ದೃಶ್ಯವನ್ನು ಅರ್ಧ ಪುಟ ಬಿಡಿಸಿ ಬರೆದರೂ ಗೈಡಿನ ಮೂರು ಪುಟಕ್ಕಿಂತ ತೂಕ ಹೆಚ್ಚು.

ಸಾಹಿತ್ಯಕ ತಂತ್ರಗಳ ಪಟ್ಟಿ ಬಾಯಿಪಾಠ ಮಾಡಿದ್ದೇನೆ, ಆದರೆ ಪಠ್ಯದಲ್ಲಿ ಎಲ್ಲಿವೆ ಎಂದು ಹುಡುಕಲಾಗುತ್ತಿಲ್ಲ.
— ಎಂ.ಎ. ವಿದ್ಯಾರ್ಥಿ, ಬಳ್ಳಾರಿ

ಪಟ್ಟಿ ಪಕ್ಕಕ್ಕಿಡಿ. ಮೊದಲು ಕಟ್ಟೆ ಹಿಡಿಯಿರಿ. ಅಪರಾಧಿಗಳನ್ನು ನಿಲ್ಲಿಸುವ ಮರದ ಕಟ್ಟೆ ಮೂರು ಸಲ ಮುಖ್ಯವಾಗಿ ಬರುತ್ತದೆ: 2-3ರಲ್ಲಿ, 12ರಲ್ಲಿ, 23ರಲ್ಲಿ. ಅಂದರೆ ಶುರು, ನಡು, ಕೊನೆ. ಮೊದಲ ಸಲ ಹಗಲು, ಮೇಲೆ ಹೆಸ್ಟರ್ ಮತ್ತು ಕೂಸು ಮಾತ್ರ. ಎರಡನೇ ಸಲ ಪಾದ್ರಿಯೂ ಸೇರಿ ಮೂವರೂ ಕೂಡುತ್ತಾರೆ, ಆದರೆ ಕತ್ತಲಲ್ಲಿ. ಮೂರನೇ ಸಲ ಮೂವರೂ, ಹಗಲಲ್ಲಿ, ಊರೆದುರು. ಕಾದಂಬರಿಯ ರಚನೆ ಕೇಳಿದರೆ ಈ ಮೂರನ್ನು ಎದುರುಬದುರು ಇಟ್ಟು ತೋರಿಸಿ.

ವ್ಯಂಗ್ಯಕ್ಕೆ 3ನೇ ಅಧ್ಯಾಯ. ‘ಮಗುವಿನ ತಂದೆ ಯಾರೆಂದು ಹೇಳು’ ಎಂದು ಹೆಸ್ಟರಳಿಗೆ ಉಪದೇಶಿಸುವವನೇ ಆ ತಂದೆ. ಮೊದಲ ಓದಿನಲ್ಲಿ ಇದು ಕಾಣುವುದಿಲ್ಲ, ಪುಸ್ತಕ ಮುಗಿಸಿ ತಿರುಗಿ ಬಂದರೆ ಆ ಮಾತು ಬೇರೆಯೇ ಕೇಳಿಸುತ್ತದೆ. 11ರಲ್ಲಿ ಇನ್ನೂ ಕಟು: ‘ನಾನು ಮಹಾಪಾಪಿ’ ಎಂದು ವೇದಿಕೆಯಿಂದ ಹೇಳಿದಷ್ಟೂ ಭಕ್ತರು ಅವನನ್ನು ಸಂತ ಅನ್ನುತ್ತಾರೆ. ಇನ್ನು ಶ್ಲೇಷ. 9ನೇ ಅಧ್ಯಾಯದ ಹೆಸರು ‘ದ ಲೀಚ್’. ಹಿಂದಿನ ಕಾಲದ ಇಂಗ್ಲಿಷಿನಲ್ಲಿ ಲೀಚ್ ಎಂದರೆ ವೈದ್ಯ, ಜಿಗಣೆಗೂ ಅದೇ ಹೆಸರು. ಚಿಲ್ಲಿಂಗ್‌ವರ್ತ್ ಎರಡೂ ಹೌದು.

ಬಿಸಿಲು ಒಳ್ಳೆಯದರ ಸಂಕೇತ ಎನ್ನುತ್ತಾರೆ. ನಮ್ಮೂರಿನ ಬಿಸಿಲು ಕಂಡವರು ಇದನ್ನು ಒಪ್ಪುವುದು ಹೇಗೆ?
— ಓದುಗರು, ರಾಯಚೂರು

ನಿಮ್ಮ ಅನುಮಾನ ಸರಿ, ಹಾಥಾರ್ನ್ ಕೂಡ ನಿಮ್ಮ ಪಕ್ಷವೇ, ಅರ್ಧದಷ್ಟು! 3ನೇ ಅಧ್ಯಾಯದ ಮಟಮಟ ಮಧ್ಯಾಹ್ನದ ಬಿಸಿಲು ಕಟ್ಟೆಯ ಮೇಲೆ ನಿಂತವಳ ಮುಖ ಸುಡುತ್ತದೆ, ಅವಳ ಅವಮಾನವನ್ನು ಎತ್ತಿ ತೋರಿಸುತ್ತದೆ. 16ರ ಕಾಡಿನಲ್ಲಿ ಅದೇ ಬಿಸಿಲು ಅವಳಿಂದ ಓಡಿಹೋಗುತ್ತದೆ. ‘ಬಿಸಿಲಿಗೆ ನೀನು ಕಂಡರಾಗದು, ಅಮ್ಮ’ ಎಂಬರ್ಥದ ಮಾತನ್ನು ಮಗಳೇ ಆಡುತ್ತಾಳೆ. 18ರಲ್ಲಿ ಅವಳು ಅಕ್ಷರ ಕಿತ್ತೆಸೆದು ಟೋಪಿ ತೆಗೆದು ಕೂದಲು ಇಳಿಬಿಟ್ಟ ಕೂಡಲೇ ಕಾಡಿನ ತುಂಬ ಬೆಳಕು ಸುರಿಯುತ್ತದೆ. ಹಾಗಂತ ಅದು ಉಳಿಯುವುದಿಲ್ಲ. 19ರಲ್ಲಿ ಅಕ್ಷರವಿಲ್ಲದ ತಾಯಿಯ ಬಳಿಗೆ ಪರ್ಲ್ ಹಳ್ಳ ದಾಟಿ ಬರಲು ಒಪ್ಪದೆ, ಅದನ್ನು ಮತ್ತೆ ತೊಡಿಸಿಯೇ ಬಿಡುತ್ತಾಳೆ.

ಹೆಸ್ಟರಳ ಅಕ್ಷರವನ್ನು ನಮ್ಮ ಕಡೆಯ ದೇವದಾಸಿಯರ ಮುತ್ತಿನ ಸರಕ್ಕೆ ಹೋಲಿಸಬಹುದೇ?
— ಉಪನ್ಯಾಸಕಿ, ಕೊಪ್ಪಳ

ಹೋಲಿಸಿ, ಆದರೆ ಎಲ್ಲಿ ಹೊಂದುವುದಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ. ಹೆಣ್ಣಿನ ಮೈಮೇಲೆ ಸಮಾಜ ಒಂದು ಗುರುತು ಕಟ್ಟಿ, ಅವಳನ್ನು ಆ ಗುರುತಿನಿಂದಲೇ ಅಳೆಯುವುದು ಎರಡೂ ಕಡೆ ಇದೆ. ಬಾಸ್ಟನ್ನಿನದು ಅಪರಾಧವೆಂದು ತೀರ್ಮಾನಿಸಿದ ಮೇಲೆ ಕೊಟ್ಟ ಶಿಕ್ಷೆ. ಇಲ್ಲಿ ಏನೂ ಮಾಡದ ಹುಡುಗಿಗೆ ದೇವಿಯ ಹೆಸರಲ್ಲಿ ಕೆಂಪು-ಬಿಳಿ ಮಣಿಗಳ ಮುತ್ತು ಕಟ್ಟುತ್ತಿದ್ದರು. ಅಲ್ಲಿ ಕಾನೂನೇ ಗುರುತು ತೊಡಿಸಿತು, ಇಲ್ಲಿ 1982ರ ಕರ್ನಾಟಕದ ಕಾಯ್ದೆ ಮುತ್ತು ಕಟ್ಟುವುದನ್ನೇ ಅಪರಾಧ ಮಾಡಿತು. ದೊಡ್ಡ ಬಿರುಕು ಕೊನೆಯ ಅಧ್ಯಾಯದಲ್ಲಿದೆ: ದೂರದೇಶಕ್ಕೆ ಹೋಗಿದ್ದ ಹೆಸ್ಟರ್ ಯಾರ ಒತ್ತಾಯವೂ ಇಲ್ಲದೆ ಬಾಸ್ಟನ್ನಿಗೆ ಮರಳಿ, ಅಕ್ಷರವನ್ನು ತಾನಾಗಿಯೇ ಮತ್ತೆ ಧರಿಸುತ್ತಾಳೆ. ಆ ಆಯ್ಕೆಯನ್ನು ಮುತ್ತು ಕಟ್ಟಿಸಿಕೊಂಡವರ ಮೇಲೆ ಹೊರಿಸಿದರೆ ಅವರಿಗೆ ಅನ್ಯಾಯವಾಗುತ್ತದೆ. ತರಗತಿಯಲ್ಲಿ ಚರ್ಚಿಸಲು ಒಳ್ಳೆಯ ವಿಷಯ, ಪರೀಕ್ಷೆಯಲ್ಲಿ ಒಂದು ಪ್ಯಾರಾ ಮೀರಬಾರದು.

ಮುನ್ನುಡಿ ‘ದ ಕಸ್ಟಮ್-ಹೌಸ್’ ದಾಟಲಾಗುತ್ತಿಲ್ಲ. ಬಿಡಬಹುದೇ? ಸಿನಿಮಾ ನೋಡಿದರೆ ಸಾಲದೇ?
— ಬಿ.ಎ. ವಿದ್ಯಾರ್ಥಿ, ಗಂಗಾವತಿ

ಮೊದಲು ಬಿಡಿ, ಕಥೆ ಮುಗಿಸಿ ತಿರುಗಿ ಬನ್ನಿ. ಅಮೆರಿಕದ ಸೇಲಂ ಊರಿನ ಸುಂಕದ ಕಚೇರಿಯಲ್ಲಿ ನಿರೂಪಕನಿಗೆ ಸಿಕ್ಕಿತೆನ್ನುವ ಬಟ್ಟೆಯ ‘ಎ’ ಅಲ್ಲಿದೆ, ಅದರ ಒಂದೊಂದು ಕಾಲೂ ಮೂರೂಕಾಲು ಇಂಚು. ಎದೆಗಿಟ್ಟುಕೊಂಡರೆ ಕಾದ ಕಬ್ಬಿಣದಂತೆ ಸುಟ್ಟಿತು ಎನ್ನುತ್ತಾನೆ. ಹಾಥಾರ್ನ್ ಆ ಕಚೇರಿಯಲ್ಲಿ ನಿಜಕ್ಕೂ ಕೆಲಸ ಮಾಡಿದ್ದರು, ಬಟ್ಟೆ ಸಿಕ್ಕಿದ್ದು ಮಾತ್ರ ಕಟ್ಟುಕಥೆ. ಉತ್ತರದಲ್ಲಿ ಎರಡನ್ನೂ ಕಲಸಬೇಡಿ.

1995ರ ಸಿನಿಮಾದಲ್ಲಿ ಪಾದ್ರಿ ಬದುಕಿ, ಹೆಸ್ಟರ್ ಜೊತೆ ಊರು ಬಿಡುತ್ತಾನೆ. ಪುಸ್ತಕದಲ್ಲಿ ಕಟ್ಟೆಯ ಮೇಲೆಯೇ ಸಾಯುತ್ತಾನೆ. ಸಿನಿಮಾ ನೋಡಲೇಬೇಕೆಂದಿದ್ದರೆ ಪರೀಕ್ಷೆ ಮುಗಿದ ಸಂಜೆ ನೋಡಿ.